ಲಕೋಟೆಯ ನಡೆ

ಐದು ತಾಸಿನ ಆಟ ಮುಗಿಯದೆ ನಿಂತಾಗ
ಲಾಮಾರಾ ತನ್ನ ನಲವತ್ತೊಂದನೆಯ ನಡೆಯನ್ನು
ಅಂಗೈ ಮರೆಯಲ್ಲಿ ಚೀಟಿಗೆ ಬರೆದಳು,
ನಾಲಗೆಯಿಂದ ಅಂಟು ಒದ್ದೆ ಮಾಡಿ ಲಕೋಟೆ ಮುಚ್ಚಿದಳು.
ತೀರ್ಪುಗಾರ ಅದನ್ನು ಕಬ್ಬಿಣದ ಪೆಟ್ಟಿಗೆಗೆ ಹಾಕಿ
ಬೀಗದ ಕೈ ಕೋಟಿನೊಳಗಿಳಿಸಿ ಊಟಕ್ಕೆ ಹೋದ.

ನನ್ನ ಆಟ ಮಧ್ಯಾಹ್ನವೇ ಮುಗಿದಿತ್ತು.
ಗೋಡೆಯ ಹಲಗೆಯಲ್ಲಿ ಎಲ್ಲರ ಹೆಸರ ಮುಂದೂ ಅಂಕಿ,
ಅವಳ ಹೆಸರ ಮುಂದೆ ಮಾತ್ರ ಖಾಲಿ ಚೌಕ.
ಅವಳು ಗೆದ್ದರೆ ಅವಳು. ಡ್ರಾ ಆದರೆ ನಾನು.
ವಿಶ್ವದ ಪಟ್ಟದಲ್ಲಿ ಕೂತವಳೆದುರು ಹಾಕುವ ಕುರ್ಚಿ
ಒಂದೇ.

ಬೋರ್ಜೋಮಿಯ ಆ ಆರೋಗ್ಯಧಾಮದಲ್ಲಿ
ನಲ್ಲಿಯಲ್ಲೂ ಉಪ್ಪುಪ್ಪು ನೀರು,
ನಮ್ಮಿಬ್ಬರಿಗೂ ಒಂದೇ ಕೋಣೆ.
ಇಬ್ಬರೂ ಚಿಯಾತುರಾದವರು, ಜೊತೆಗಿರಲಿ ಅಂದಿದ್ದರು.

ಜೊತೆಗೇ ಇದ್ದವರು ನಾವು.
ಅಪ್ಪಂದಿರು ಒಂದೇ ಪಾಳಿಯಲ್ಲಿ ಮ್ಯಾಂಗನೀಸ್ ಅಗೆದರು,
ಹೊಳೆ ಕಪ್ಪಗೆ ಹರಿಯಿತು,
ಒಗೆದ ಬಿಳಿ ಬಟ್ಟೆ ಒಗೆದಂತೆ ಕಾಣಲೇ ಇಲ್ಲ.
ಶಾಲೆಗೆ ಹಗ್ಗದ ಗಾಡಿ: ಕಣಿವೆ ದಾಟಲು ಆರು ನಿಮಿಷ.
ಆ ಆರು ನಿಮಿಷ, ಅವಳಜ್ಜಿ ಬಳುವಳಿಯಾಗಿ ತಂದ
ಪುಟ್ಟ ಮಣೆ ನಮ್ಮ ನಾಲ್ಕು ಮೊಣಕಾಲ ಮೇಲೆ.
ಗಾಳಿಗೆ ಗಾಡಿ ತೂಗಿದರೆ ಕಾಯಿಗಳೆಲ್ಲ ಜಾರುತ್ತಿದ್ದವು;
ಎಲ್ಲಿ ಏನಿತ್ತೆಂದು ನೆನಪಿನಿಂದ ಮತ್ತೆ ಇಡುತ್ತಿದ್ದೆವು,
ಮೋಸವಿರಲಿಲ್ಲ.
ಒಮ್ಮೆ ಇತ್ತು. ಅವಳ ಬಿಳಿ ಮನೆಯ ಆಮೆ
ಕಪ್ಪು ಮನೆಗೆ ಬಂದು ಕೂತಿತ್ತು.
(ಬೇರೆ ಕಡೆ ಒಂಟೆ ಎನ್ನುವ ಕಾಯಿ ನಮ್ಮಲ್ಲಿ ಆಮೆ,
ಓರೆಯಾಗಿ ಓಡುವ ಆಮೆ.)
ನಾನು ನಕ್ಕು ಸುಮ್ಮನಾಗಿದ್ದೆ.

ರಾತ್ರಿ, ಎರಡು ಮಂಚಗಳ ನಡುವಿನ ಸ್ಟೂಲಿನ ಮೇಲೆ
ಅವಳು ನಿಂತ ಆಟವನ್ನು ಹೂಡಿದಳು.
ಅವಳ ರಥ, ಎದುರಾಳಿಯ ರಥ, ಮೂರು ಕಾಲಾಳು,
ಮೂಲೆಯ ಕಡೆ ಒತ್ತರಿಸಿದ ರಾಜ.
ಬರೆದದ್ದೇನೆಂದು ಅವಳು ಹೇಳಲಿಲ್ಲ. ನಾನು ಕೇಳಲಿಲ್ಲ.
ಕೇಳಿದ್ದು ಅವಳೇ:
"ಏನಾದರೂ ಕಾಣ್ತಿದೆಯಾ, ಎತೇರಿ?"

ಕಂಡಿತ್ತು.
ಕೆಟಲ್ ಕುದಿಯುವುದರೊಳಗೆ ಕಂಡಿತ್ತು.
ರಾಜ ಒಂದು ಹೆಜ್ಜೆ ಪಕ್ಕಕ್ಕೆ, ಸುಮ್ಮನೆ,
ಚಳಿಯಲ್ಲಿ ಬಿಸಿಲಿಗೆ ಸರಿದವನ ಹಾಗೆ.
ಆಮೇಲೆ ಯಾರೂ ತಡೆಯಲಾರರು.
"ಸಮವೇ ಅನಿಸುತ್ತೆ" ಅಂದೆ, ಕಪ್ಪಿಗೆ ನೀರು ಬಗ್ಗಿಸುತ್ತ.
ಹುಬ್ಬು ಕೂಡ ಅಲುಗಲಿಲ್ಲ.
ಅದನ್ನೂ ಆ ಪುಟ್ಟ ಮಣೆಯೇ ಕಲಿಸಿತ್ತು.

ಅವಳು ದೀಪ ಆರಿಸಿ ಗೋಡೆಗೆ ಮುಖ ಮಾಡಿದಳು.
ಅವಳ ನಡೆ ಲಕೋಟೆಯಲ್ಲಿ,
ನನ್ನ ನುಡಿ ಗಂಟಲಲ್ಲಿ.
ಎರಡಕ್ಕೂ ಬೆಳಗಿನ ಹತ್ತರ ತನಕ ಬೀಗ.

ಹತ್ತಕ್ಕೆ ತೀರ್ಪುಗಾರ ಲಕೋಟೆಯ ಅಂಚು ಕತ್ತರಿಸಿದ,
ಚೀಟಿ ತೆಗೆದು ಕನ್ನಡಕ ಏರಿಸಿ ಎರಡು ಸಲ ಓದಿದ,
ಕಾಲಾಳನ್ನೆತ್ತಿ ಒಂದು ಮನೆ ಮುಂದಿಟ್ಟ.
ಕಾಲಾಳು.
ರಾಜನಲ್ಲ.

ಅಂದರೆ ಹಿಂದಿನ ಸಂಜೆಯೇ ಎಲ್ಲ ತೀರಿತ್ತು.
ನಾನು ಸುಳ್ಳು ಹೇಳುವ ನಾಲ್ಕು ತಾಸು ಮೊದಲೇ
ಅವಳ ಗೆಲುವು ಅಂಟಿನ ಕೆಳಗೆ ಸತ್ತಿತ್ತು.
ನಿಜ ಹೇಳಿದ್ದರೂ ಕುರ್ಚಿ ನನ್ನದೇ.
ಅದೇ, ಅದೇ ನನಗೆ ಜೀರ್ಣವಾಗದ್ದು:
ಯಾರಿಗೂ ಬೇಕಿಲ್ಲದ ಒಂದು ಸುಳ್ಳನ್ನು
ಅಷ್ಟು ಬೆಲೆ ತೆತ್ತು ಕೊಂಡೆ.

ಹೂಗುಚ್ಛ ಕೊಟ್ಟರು. ಗಣಿ ಕಚೇರಿಯ ಫೋನಿನಲ್ಲಿ ಅಮ್ಮ ಅತ್ತಳು,
ಮೂಗು ಸೀಟಿ, "ಲಾಮಾರಾ ಉಂಡಳಾ?" ಅಂದಳು.

ಪಟ್ಟದ ಪಂದ್ಯಕ್ಕೆ ಸಹಾಯಕಿ ಯಾರು ಬೇಕೆಂದು ಕೇಳಿದಾಗ
ಬಾಯಿಗೆ ಬಂದದ್ದು ಅವಳ ಹೆಸರೇ. ಅವಳು ಒಪ್ಪಿದಳು.
ಈಗ ರೈಲು ಸುರಂಗದೊಳಗೆ.
ಮಣೆ ನಮ್ಮ ನಾಲ್ಕು ಮೊಣಕಾಲ ಮೇಲೆ,
ಕತ್ತಲಲ್ಲೇ ಅವಳು ಕಾಯಿ ಹೂಡುವ ಸದ್ದು.
ಬೆಳಕು ಬಂದಾಗ ನೋಡಿದೆ: ಆ ರಾತ್ರಿಯದೇ ಆಟ.
ತೋರುಬೆರಳಿನಿಂದ ರಾಜನನ್ನು ಒಂದು ಮನೆ ಪಕ್ಕಕ್ಕೆ ಸರಿಸಿ
"ಚಹಾಕ್ಕೆ ಸಕ್ಕರೆ ಎಷ್ಟು?" ಅಂದಳು,
ಹದಿನೆಂಟು ವರ್ಷದಿಂದ ಗೊತ್ತಿದ್ದೂ.