ಒಂದೂವರೆ ಸುತ್ತು

ಜುಲೈ. ಪೆಹುವಾಹೊ ಊರಾಚೆಯ ಬಯಲು.
ಹುಲ್ಲಿನ ತುದಿತುದಿಗೆ ಇಬ್ಬನಿ ಹೆಪ್ಪುಗಟ್ಟಿದೆ.
ತಗಡಿನ ಮೇಜಿನ ಮೇಲೆ ನನ್ನ ಹಳದಿ ವಿಮಾನ,
ರೆಕ್ಕೆಯಿಂದ ರೆಕ್ಕೆಗೆ ಎರಡೂವರೆ ಗಜ,
ಮೂಗಿನಲ್ಲಿ ಮೂವತ್ತು ಸಿಸಿಯ ಮೊಂಡು.

ಚೋಕ್ ಮುಚ್ಚಿ ನಾಲ್ಕು ಸಲ ತಿರುಗಿಸಿದೆ. ಕೆಮ್ಮಿತು.
ಚೋಕ್ ತೆರೆದು ಐದನೆಯ ಸಲ. ಹೊತ್ತಿತು!
ಒಂದು, ಎರಡು ಎಣಿಸುವಷ್ಟರಲ್ಲಿ
ಹೇಳಬಂದದ್ದನ್ನೇ ಮರೆತವನ ಹಾಗೆ
ನಡುಮಾತಿನಲ್ಲಿ ನಿಂತುಬಿಟ್ಟಿತು.

ಮತ್ತೆ. ಮತ್ತೆ.
ತೊಗಲಿನ ಕೈಗವಸಿನೊಳಗೆ ಬೆರಳಿಗೆ ಜೋಮು.

ಪ್ಲಗ್ಗು ಬಿಚ್ಚಿದೆ: ಒಣಗಿದೆ.
ಇಂಜಿನ್ನಿನ ಮೈಗೆ ತಾಗಿಸಿ ತಿರುಗಿಸಿದರೆ
ಚಟ್ ಅಂತ ನೀಲಿ ಕಿಡಿ.
ಅಂದರೆ ತಪ್ಪು ಬೆಂಕಿಯದಲ್ಲ.
ಹೊಟ್ಟೆಗೆ ಕೂಳು ಬರುತ್ತಿಲ್ಲ.

ಆಗ ಮಾಡಬಾರದ್ದನ್ನು ಮಾಡಿದೆ, ಸೂಜಿಗೆ ಕೈ ಹಾಕಿದೆ.
ಕಾಲು ಸುತ್ತು ಬಿಚ್ಚಿ, ಅರ್ಧ ಬಿಗಿದು,
ಓಟದ ಸೂಜಿ ಯಾವುದು, ನಿಂತಲ್ಲಿ ಗುನುಗುವುದರದು ಯಾವುದು,
ಎರಡೂ ಕಲಸಿ, ಕೊನೆಗೆ
ಎಲ್ಲಿಂದ ಹೊರಟೆ ಎಂಬುದೇ ಮರೆತುಹೋಯಿತು.

ಆಚೆ ಮೇಜಿನಿಂದ ಸುಬೆಲ್ದಿಯಾ ನೋಡುತ್ತಿದ್ದ.
ಮೂರು ವರ್ಷವಾಯಿತು ನಾವು ಮಾತು ಬಿಟ್ಟು.
ಅವನ ಕೆಂಪು, ನನ್ನ ಬಿಳಿ, ಕೊಳದ ಮೇಲೆ ಢಿಕ್ಕಿ.
‘ಇಳಿಯುತ್ತಿದ್ದೇನೆ’ ಎಂದು ಕೂಗಿದ್ದೆ ಅಂತ ನಾನು,
ಕೂಗಲೇ ಇಲ್ಲ ಅಂತ ಅವನು.
ಬಾಲ್ಸಾ ಚೂರುಗಳನ್ನು
ಬೇರೆ ಬೇರೆ ಚೀಲಕ್ಕೆ ಆರಿಸಿಕೊಂಡು ಹೋದೆವು.

ಎದ್ದು ಬಂದ. ನನ್ನ ಮುಖ ನೋಡಲಿಲ್ಲ.
ಎರಡೂ ಸೂಜಿಗಳನ್ನು ತಳ ಮುಟ್ಟುವವರೆಗೆ ಮುಚ್ಚಿದ,
ಹೂ ಮುಟ್ಟಿದಷ್ಟು ಹಗುರ,
ಬಿಗಿದರೆ ಅದು ಕೂರುವ ಜಾಗಕ್ಕೇ ಗಾಯ.
ಆಮೇಲೆ ಒಂದೊಂದನ್ನೂ ಒಂದೂವರೆ ಸುತ್ತು ತೆರೆದ.
‘ಶುರು ಇಲ್ಲಿಂದ’ ಎಂದ, ಇಂಜಿನ್ನಿಗೆ.

ಕಾರ್ಬ್ಯುರೇಟರಿನ ಮುಚ್ಚಳ, ಒಂದೇ ತಿರುಪು.
ಒಳಗೆ ಕಿರುಬೆರಳ ಉಗುರಿನಷ್ಟು ಜಾಲರಿ,
ನೊಣದ ರೆಕ್ಕೆಯ ನೇಯ್ಗೆ. ಬೆಳಕಿಗೆ ಹಿಡಿದ. ಕಸವಿಲ್ಲ.
ಪಕ್ಕದ ಪೊರೆಯನ್ನು ಮೀಟಿದ:
ಬಾಗಲಿಲ್ಲ. ಹಪ್ಪಳದ ಹಾಗೆ ಚುರುಗುಟ್ಟಿತು.

‘ಹಳೇ ಪೆಟ್ರೋಲು ಒಳಗೇ ಬಿಟ್ಟಿದ್ದಾನೆ’
ಎಂದ, ಬೇಲಿಗೂಟದ ಟಿಟ್ಟಿಭಕ್ಕೆ.
ಹೌದು, ಬಿಟ್ಟಿದ್ದೆ. ಆ ದಿನವೇ
ಬಿಳಿಯದರ ಮುರಿದ ಮೂಗಿನಿಂದ ಕಿತ್ತು
ಡಬ್ಬಕ್ಕೆ ಹಾಕಿ ಮುಚ್ಚಳ ಬಡಿದಿದ್ದೆ.
ಕೆಳಗೆ ಪಿಸ್ಟನ್ನು ಏರಿಳಿದು ಉಸಿರು ಕೊಡುತ್ತಲೇ ಇರುತ್ತದೆ,
ಆ ಉಸಿರಿಗೆ ಪೊರೆ ಮಿಡಿದರೆ ಪೆಟ್ರೋಲು ಏರುತ್ತದೆ.
ಇದು ಮಿಡಿಯುವುದನ್ನು ಮರೆತಿತ್ತು.

ಜೇಬಿನಿಂದ ಹೊಸ ಪೊರೆ ತೆಗೆದು ಕೂರಿಸಿದ.
ಮೂರನೆಯ ಸಲಕ್ಕೆ ಹಿಡಿಯಿತು, ನಿಂತಿತು ದನಿ,
ನೀಲಿ ಹೊಗೆ ಹುಲ್ಲಿನುದ್ದಕ್ಕೂ ಮಲಗಿತು.

ಇನ್ನೊಂದು ಬಾಕಿ. ಅದಕ್ಕೆ ಇಬ್ಬರು ಬೇಕು.
ಬಾಲದ ಕಡೆಯಿಂದ ತಬ್ಬಿ ನಾನು ಮೂಗನ್ನು ಆಕಾಶಕ್ಕೆತ್ತಿದೆ,
ಪೂರ್ತಿ ವೇಗ, ಎದೆಯೆಲ್ಲ ನಡುಕ.
ದನಿ ಸೊರಗಿತು.
‘ಹಸಿದಿದೆ’ ಎಂದ.
‘ತೆರೆ’ ಎಂದೆ.
ಕೂದಲೆಳೆಯಷ್ಟು ತೆರೆದ.
‘ಇನ್ನೂ?’
‘ಇನ್ನೂ ಸ್ವಲ್ಪ.’
‘ಈಗ?’
‘ಸಾಕು ಸಾಕು.’
ಮೂರು ವರ್ಷದಲ್ಲಿ ಆಡಿದ್ದು ಇಷ್ಟು,
ಅದೂ ಗದ್ದಲದಲ್ಲಿ, ಗಂಟಲು ಹರಿಯುವಂತೆ.

ಹದಿನಾಲ್ಕು ನಿಮಿಷ ಹಾರಿಸಿದೆ.
ನನ್ನ ಮಾತೆ ಕಷಾಯದ ಬುರುಡೆಯನ್ನು
ಕೇಳದೆಯೇ ಎತ್ತಿಕೊಂಡು ಹೀರುತ್ತ
ಪಕ್ಕದಲ್ಲೇ, ಮೊಳದಷ್ಟು ದೂರದಲ್ಲಿ ನಿಂತಿದ್ದ.
ಗಾಳಿಗೆದುರಾಗಿ ತಿರುಗಿಸಿ
‘ಇಳಿಯುತ್ತಿದ್ದೇನೆ!’ ಎಂದು ಕೂಗಿದೆ,
ಬಯಲಿನ ಟಿಟ್ಟಿಭಗಳೆಲ್ಲ ಬೈಯುತ್ತ ಎದ್ದವು.

‘ಕೇಳಿಸ್ತು. ಕಿವುಡನಲ್ಲ’ ಎಂದ.
‘ಪೊರೆಯ ದುಡ್ಡು ಕೊಟ್ಟು ಹೋಗು.’