ಎಡಗಣ್ಣು

ಪಟ್ಟಿ ಬಿಚ್ಚಿದ ದಿನ
ಅಡುಗೆಮನೆ ಗೋಡೆ ಬೆಳ್ಳಗಿತ್ತು.
ಯಾವಾಗ ಬಳಿಸಿದೆ? ಅಂದೆ ಮಗಳಿಗೆ.
ಅಮ್ಮಾ, ಅದು ಮೊದಲಿಂದಲೂ ಬಿಳಿಯೇ, ಅಂದಳು ಗ್ರಾಸಾ,
ಹಾಲಿನ ಪಾತ್ರೆಯಿಂದ ಕಣ್ಣೆತ್ತದೆ.

ಹತ್ತು ವರ್ಷ ಅದನ್ನು ಬೆಣ್ಣೆಬಣ್ಣವೆಂದೇ ನಂಬಿದ್ದೆ.
ಪರದೆಗೂ ಅದಕ್ಕೊಪ್ಪುವ ಬಟ್ಟೆಯನ್ನೇ ಆರಿಸಿದ್ದೆ,
ದುಡ್ಡು ಕೊಟ್ಟು.

ನಾನು ಜುಲ್ಮೀರಾ. ವಯಸ್ಸು ಅರವತ್ತೆಂಟು.
ಸೆಟೂಬಲ್ ಬಂದರಿನ ಮೀನಿನ ಡಬ್ಬಿ ಕಾರ್ಖಾನೆಯಲ್ಲಿ
ಹತ್ತೊಂಬತ್ತಕ್ಕೆ ಚೂರಿ ಹಿಡಿದವಳು.
ದೋಣಿ ಬಂದರೆ ಸೈರನ್ ಕೂಗುತ್ತಿತ್ತು,
ರಾತ್ರಿ ಎರಡಾಗಲಿ ಮೂರಾಗಲಿ,
ಮೀನಿಗೆಲ್ಲಿಯ ಗಡಿಯಾರ.
ಬೀದಿಯ ಹೆಂಗಸರೆಲ್ಲ ಹಿಡಿಶಾಪ ಹಾಕುತ್ತ
ಮಗುವಿನ ಬಾಯಿಂದ ಮೊಲೆ ಬಿಡಿಸಿಕೊಂಡು ಏಳುವಷ್ಟರಲ್ಲಿ
ನಾನು ಆಗಲೇ ತಿರುವಿನಲ್ಲಿ,
ಒಂದು ಚಪ್ಪಲಿ ಕಾಲಿಗೆ, ಇನ್ನೊಂದು ಕೈಯಲ್ಲಿ.

ಕೆಲಸದ ಮೇಲೆ ಎಂಥಾ ಪ್ರೀತಿ ಇವಳಿಗೆ! ಅಂದ ಮೇಸ್ತ್ರಿ.
ನಾನೂ ಹಾಗೇ ಅಂದುಕೊಂಡೆ.
ನಲವತ್ತೊಂಬತ್ತು ವರ್ಷ ಹಾಗೇ ಅಂದುಕೊಂಡೆ.

ಮೇಜಿನಾಚೆ ಒಟೀಲಿಯಾ ನಿಲ್ಲುತ್ತಿದ್ದಳು.
ಅವಳೊಂದು ತಲೆ ಕತ್ತರಿಸಿದರೆ ನಾನೊಂದು,
ಮಾತಿಲ್ಲ, ಲಯ ಅಷ್ಟೇ.
ಹುರುಪೆ ಅಂಟಿದ ಅವಳ ಮುಂಗೈ ದೀಪಕ್ಕೆ ಮಿಂಚಿ
ನನ್ನ ಚೂರಿ ತಪ್ಪಿತು ಒಂದು ಸಲ.
ಉಪ್ಪುನೀರು ಬಿದ್ದು ಉರಿಯುತ್ತಿದ್ದ ಬೆರಳನ್ನು
ಮೇಜು ಸುತ್ತಿ ಬಂದು ಬಾಯಿಗಿಟ್ಟುಕೊಂಡಳು,
ಹೀರಿದಳು, ಉಗಿದಳು,
ಹೋಗಿ ತನ್ನ ಜಾಗದಲ್ಲಿ ನಿಂತಳು.
ಅದು ಮಂಗಳವಾರ.

ಎಪ್ಪತ್ತಾರರ ಚಳಿಯಲ್ಲಿ ಅಣ್ಣನ ಹಿಂದೆ ಫ್ರಾನ್ಸಿಗೆ ಹೋದಳು.
ಮಾರನೆಯ ವಾರದಿಂದ ಸೈರನ್
ನನಗೂ ಎಲ್ಲರಿಗೆ ಕೂಗುವಂತೆಯೇ ಕೂಗಿತು.

ಅರ್ಲಿಂಡು ಒಳ್ಳೆಯವನು.
ದೋಣಿಯ ಎಂಜಿನ್ನಿನೊಳಗೆ ದಿನವಿಡೀ ಮುಳುಗಿದ ಕೈಯನ್ನು
ಮೂರು ಸಲ ಸೋಪು ಹಾಕಿ ತೊಳೆದೇ ಹಾಸಿಗೆಗೆ ಬರುತ್ತಿದ್ದ.
ಇನ್ನೊಂದು ಸಲ ತೊಳೆಯಲಿ, ಇನ್ನೊಂದು ಸಲ,
ಎಂದು ಕತ್ತಲಲ್ಲಿ ನೀರಿನ ಸದ್ದು ಕೇಳುತ್ತಿದ್ದೆ.
ಅವನ ಮೇಲೆ ದೂರಿಲ್ಲ.
ಇದ್ದಿದ್ದರೆ ಸುಲಭವಿತ್ತು.

ಕಣ್ಣಿನ ಆಸ್ಪತ್ರೆಯ ಬೆಂಚಿನಲ್ಲಿ ಇಬ್ಬರು ಮುದುಕಿಯರು.
ಇವರ ಜೊತೆ ಯಾರು ಬಂದಿದ್ದೀರಿ? ಅಂದಳು ನರ್ಸು.
ನಾನು. ಅವಳ ಹೆಂಡತಿ, ಅಂದಳು ದಪ್ಪ ಕನ್ನಡಕದವಳು,
ಸಂತೆಯಲ್ಲಿ ಮೀನಿನ ರೇಟು ಹೇಳುವ ಹಾಗೆ.
ಆಮೇಲೆ ಮತ್ತೊಬ್ಬಳ ರೆಪ್ಪೆ ಹಿಡಿದು ಹನಿ ಹಾಕುತ್ತ,
ಮಿಟುಕಿಸಬೇಡ ಮಾರಾಯ್ತಿ, ಮಿಟುಕಿಸಬೇಡ.

ನನ್ನ ಬಾಯೊಣಗಿತು.
ಎದೆಯೊಳಗೆ ರಾತ್ರಿ ಮೂರರ ಸೈರನ್.
ಬೆಂಚಿನಡಿ ಚಪ್ಪಲಿ ತಡಕಿದೆ.
ಕಾಲಲ್ಲೇ ಇತ್ತು.

ಬಲಗಣ್ಣಿಗೆ ಅಕ್ಟೋಬರಿನಲ್ಲಿ ತಾರೀಕು ಕೊಟ್ಟಿದ್ದಾರೆ.
ಅಲ್ಲಿಯವರೆಗೆ ಒಂದು ಮುಚ್ಚಿ ಒಂದು ತೆರೆದು ನೋಡುತ್ತೇನೆ:
ಬಲದಲ್ಲಿ, ಚೌಕಟ್ಟಿನೊಳಗೆ ನಗುವ ಜೇನುಬಣ್ಣದ ಅರ್ಲಿಂಡು.
ಎಡದಲ್ಲಿ ನೀಲಿ. ಎಷ್ಟೊಂದು ನೀಲಿ,
ಗ್ಯಾಸಿನ ಉರಿಗೆ, ಎದುರುಮನೆಯ ಕದಕ್ಕೆ,
ನನ್ನದೇ ಮುಂಗೈ ನರಕ್ಕೆ.
ಪೊರೆ ಕಟ್ಟಿದ್ದು ಹೌದು.
ಅದೇ ಪೊರೆದದ್ದೂ ಹೌದು,
ಗ್ರಾಸಾಳನ್ನು, ಈ ಮನೆಯನ್ನು, ನನ್ನನ್ನೂ ಬಹುಶಃ.
ಬೈಯಲೋ ಕೈಮುಗಿಯಲೋ ತಿಳಿಯದು.
ಡಾಕ್ಟರು ಅದನ್ನೆಲ್ಲಿ ಎಸೆದರೋ ಕೇಳಲಿಲ್ಲ.

ಒಟೀಲಿಯಾ ಅಂತ ಇದ್ದಳು, ಅಂದೆ ನಿನ್ನೆ ಮಗಳಿಗೆ.
ಯಾರು, ಅಜ್ಜಿಯ ಸಾಲ ತೀರಿಸದೆ ಊರು ಬಿಟ್ಟವಳಾ?
ಹೂಂ, ಅವಳೇ.
ಅಲ್ಲಿಗೆ ನಿಂತಿತು.
ಗ್ರಾಸಾ ನನ್ನ ರೆಪ್ಪೆ ಎತ್ತಿದಳು.
ದಿನಕ್ಕೆ ನಾಲ್ಕು ಸಲ ಹನಿ, ಇನ್ನೂ ಮೂರು ವಾರ.
ಹೇಳಲು ಹೊತ್ತಿದೆ.

ಇವತ್ತು ಒಂದು ಕಿಲೋ ಮೀನು ತಂದೆ, ಒಬ್ಬಳಿಗೆ ಜಾಸ್ತಿಯೇ.
ಕೈ ಏನೂ ಮರೆತಿಲ್ಲ:
ತಲೆ, ಕರುಳು, ಆಚೆಗೆ. ತಲೆ, ಕರುಳು,
ನಡುವೆ ಒಮ್ಮೆ
ಮೇಜಿನಾಚೆಗೆ ಕಣ್ಣೆತ್ತಿದೆ.
ಗೋಡೆ, ಬೆಳ್ಳಗೆ.
ಅದರ ಮುಂದೆ
ಒಬ್ಬಳು ನಿಲ್ಲುವಷ್ಟು ಜಾಗ.