ತಡವಾದ ಸಾಲುಗಳು

ಆ ವರ್ಷ ಊರೆಲ್ಲ ಕೊಯ್ದು ಮುಗಿಸಿತ್ತು.
ವೋಜ್ ಬೆಟ್ಟದ ಮಗ್ಗುಲಲ್ಲಿ
ನಮ್ಮ ಹನ್ನೊಂದು ಸಾಲು ಮಾತ್ರ ಹಾಗೇ.
ಅಪ್ಪ ಮೋರಂದ್ ಕತ್ತರಿಗೆ ಎಣ್ಣೆ ಬಿಟ್ಟು ಒರೆಸಿಟ್ಟು
ಆ ರಾತ್ರಿಯೇ ಹೋಗಿಬಿಟ್ಟಿದ್ದ.

ಗಂಟೆ ಬಾರಿಸಿದರು, ಮಣ್ಣು ಮಾಡಿದರು.
ಆಮೇಲೆ ಕಾಗದಪತ್ರ, ನೆಂಟರು, ಸೂಪು.
ಕೊಯ್ಲಿನ ಮಾತು ಯಾರೂ ಎತ್ತಲಿಲ್ಲ.
ಕಬ್ಬಕ್ಕಿಗಳು ಬಂದು ತಮ್ಮ ಪಾಲು ತಗೊಂಡವು.
ಬೆಳಿಗ್ಗೆ ರೈನ್ ಕಡೆಯಿಂದ ಮಂಜು,
ಮಧ್ಯಾಹ್ನ ಬಿಸಿಲು,
ಮತ್ತೆ ಮಂಜು.

ನವೆಂಬರಿನಲ್ಲಿ ಸಲೋಮೆ ಅತ್ತೆ
ರಬ್ಬರ್ ಬೂಟು ಏರಿಸಿ ಗುಡ್ಡ ಹತ್ತಿದಳು, ಹಿಂದೆ ನಾನು.
ನಸುಗೆಂಪು ಹಣ್ಣುಗಳು ಮುದುಡಿ
ಅವಳ ಬೆರಳ ಗೆಣ್ಣಿನಂತೆ ಸುಕ್ಕಾಗಿದ್ದವು,
ಅಲ್ಲಲ್ಲಿ ಬೂದಿ ಉದುರಿದಂತೆ ಬೂಷ್ಟು.
ಒಂದನ್ನು ಬಾಯಿಗಿಟ್ಟಳು.
ಉಗುಳುತ್ತಾಳೆಂದು ಕಾದೆ.
‘ಬುಟ್ಟಿ ತಾ’ ಅಂದಳು.

ಹನ್ನೊಂದು ಸಾಲಿಗೆ ಒಂದೇ ಪೀಪಾಯಿ, ಅದೂ ತುಂಬಲಿಲ್ಲ.
ಆ ಬಿಳಿ ವೈನಿನ ಬಿರಡೆ ತೆಗೆದರೆ ಈಗಲೂ
ಮೊದಲು ಗುಲಾಬಿ, ಆಮೇಲೆ ಲವಂಗ,
ಲಿಚ್ಚಿ ಸುಲಿದ ಕೈ,
ಕೊನೆಯಲ್ಲಿ ಏನೋ ಒಂದು, ಹೆಸರಿಲ್ಲದ್ದು.
ಕತ್ತರಿಯ ಎಣ್ಣೆ ಅನ್ನುತ್ತಾಳೆ ಅತ್ತೆ.
ರುಚಿ ನೋಡಲು ಬಂದವರು ನಗುತ್ತಾರೆ.

ಈಗ ಪ್ರತಿವರ್ಷ ಬೇಕೆಂದೇ ಬಿಡುತ್ತೇವೆ ಅದೇ ಸಾಲುಗಳನ್ನು,
ಬಲೆ ಹೊದಿಸಿ,
ಕಚೇರಿಗೆ ಮೊದಲೇ ಬರೆದುಕೊಟ್ಟು,
ಹವಾಮಾನದ ವರದಿ ಮೂರು ಹೊತ್ತೂ ನೋಡಿ.
ಸಿಹಿ ಬರುತ್ತದೆ. ಗುಲಾಬಿಯೂ.
ಪ್ಯಾರಿಸ್ಸಿಗೆ ಹೋಗುತ್ತದೆ, ಒಳ್ಳೆ ಬೆಲೆಗೆ.

ಅತ್ತೆ ಲೋಟ ಮೂಸಿ ಕೆಳಗಿಡುತ್ತಾಳೆ.
‘ಚೆನ್ನಾಗಿದೆ’ ಅನ್ನುತ್ತಾಳೆ,
ನೆರೆಮನೆಯ ಮಗುವನ್ನು
ಚೆನ್ನಾಗಿದೆ ಅನ್ನುವ ಹಾಗೆ.